ಎಲ್ಲಿಗೂ ಹೋಗದ ಇಂಜಿನ್

ರೈಲಿನ ಬಗ್ಗೆ ಅತಿ ಹೆಚ್ಚು ತಿಳಿದವರು ಇರುವುದು ರೈಲೇ ಇಲ್ಲದ ಊರಿನಲ್ಲಿ. ಎಪ್ಪತ್ತರ ದಶಕದ ಹೊನ್ನಾವರದಲ್ಲಿ ನಾವೆಲ್ಲ ಅಂಥ ಪಂಡಿತರಾಗಿದ್ದೆವು. ಚುನಾವಣೆ ಬಂದಾಗೆಲ್ಲ ಭಾಷಣಕಾರರು ನಮ್ಮ ಕರಾವಳಿಗೆ ಒಂದು ರೈಲು ತರುತ್ತಿದ್ದರು. ಹೋಗುವಾಗ ಜೋಪಾನವಾಗಿ ವಾಪಸು ಒಯ್ಯುತ್ತಿದ್ದರು. ಉಳಿದ ದಿನಗಳಲ್ಲಿ ರೈಲ್ವೆ ಖಾತೆಯನ್ನು ನನ್ನ ಸೋದರಮಾವ ಸುಬ್ಬಮಾವ ನೋಡಿಕೊಳ್ಳುತ್ತಿದ್ದ. ಮೀನಿನ ವ್ಯಾಪಾರಕ್ಕೆಂದು ಒಮ್ಮೆ ಮುಂಬಯಿಗೆ ರೈಲಿನಲ್ಲಿ ಹೋಗಿದ್ದ ಅನುಭವ ಅವನದು. ದಾರಿಯುದ್ದಕ್ಕೂ ನಿದ್ದೆ ಮಾಡಿದ್ದರಿಂದ ಆ ಅನುಭವಕ್ಕೆ ಏನೂ ಕುಂದು ಬಂದಿರಲಿಲ್ಲ.

ಹೀಗಿರುವಾಗ ನನ್ನ ಅಕ್ಕ ನಾಗರತ್ನಳಿಗೆ ಮಾವಿನಕುರ್ವೆಯ ಗಣಪತಿ ಎಂಬ ಹುಡುಗನ ಸಂಬಂಧ ಬಂತು. ಹುಬ್ಬಳ್ಳಿಯಲ್ಲಿ ಇಂಜಿನ್ ಓಡಿಸುತ್ತಾನೆ ಎಂದರು. ನಮ್ಮ ಅಪ್ಪ, ಅಣ್ಣ ಇಬ್ಬರೂ ಕಡಲಿಗೆ ದೋಣಿ ಇಳಿಸುವವರು. ನೆಲದ ಮೇಲೆ ದುಡಿಯುವ ಅಳಿಯನೆಂದು ಮನೆಯಲ್ಲಿ ಸಂಭ್ರಮ. ಸುಬ್ಬಮಾವ ಮಾತ್ರ ಕಣ್ಣಾರೆ ನೋಡದೆ ಒಪ್ಪಲಾರೆ ಎಂದ. ಹೆಣ್ಣು ನೋಡುವ ಶಾಸ್ತ್ರ ಎಲ್ಲರಲ್ಲೂ ಇದೆ. ಇಂಜಿನ್ ನೋಡುವ ಶಾಸ್ತ್ರಕ್ಕೆ ಬಾಡಿಗೆ ಕಾರು ಮಾಡಿಕೊಂಡು ಹೊರಟವರು ಬಹುಶಃ ನಾವೇ ಮೊದಲಿಗರು: ಅಪ್ಪ, ಮಾವ, ಅಕ್ಕ, ಅವಳ ಜೊತೆಗಿರಲೆಂದು ನಾನು.

ಕುಮಟೆ ದಾಟಿ ದೇವಿಮನೆ ಘಟ್ಟ ಹತ್ತುವಾಗ ಮಾವ ರೈಲಿನಲ್ಲಿ ಹೊಟ್ಟೆ ತೊಳೆಸುವುದಿಲ್ಲ ಎಂದು ವಿವರಿಸುತ್ತಿದ್ದ. ನಡುವೆ ಕಾರು ನಿಲ್ಲಿಸಿ, ವಾಂತಿ ಮಾಡಿ ಬಂದು, ಬಿಟ್ಟಲ್ಲಿಂದಲೇ ವಾಕ್ಯ ಮುಂದುವರಿಸಿದ.

ಕೊನೆಗೆ ಹುಬ್ಬಳ್ಳಿಯ ರೈಲ್ವೆ ಯಾರ್ಡ್ ತಲುಪಿದೆವು. ಕಣ್ಣು ಹಾಯುವವರೆಗೂ ಹಳಿಗಳು, ಬಿಸಿಲಿಗೆ ಹರವಿದ ಬಲೆಯಂತೆ ಒಂದರೊಳಗೊಂದು ಸೇರಿ ಬೇರೆಯಾಗುತ್ತಿದ್ದವು. ಹೊಗೆ, ಸೀಟಿ, ಡಬ್ಬಿಗೆ ಡಬ್ಬಿ ಡಿಕ್ಕಿಯಾಗುವ ಸದ್ದು. ಗಣಪತಿ ಮೇಲಿನವರ ಅನುಮತಿ ಪಡೆದು ನಮ್ಮನ್ನು ಒಂದು ಶೆಡ್ಡಿನ ನೆರಳಲ್ಲಿ ನಿಲ್ಲಿಸಿ ತನ್ನ ಇಂಜಿನ್ ಹತ್ತಿದ. ಕೆಲವು ಡಬ್ಬಿಗಳನ್ನು ಆಚೆ ತಳ್ಳಿದ, ಹಿಂದೆ ಬಂದ, ಇನ್ನು ಕೆಲವನ್ನು ಈಚೆ ಎಳೆದ. ಅವನು ಇಳಿದು ಬಂದಾಗ ಮಾವ ತನಿಖೆ ಶುರುಮಾಡಿದ.

"ನಿನ್ನ ಗಾಡಿ ಯಾವ ಊರಿಗೆ ಹೋಗೂದು?"

"ಎಲ್ಲಿಗೂ ಇಲ್ಲ. ಇದು ಶಂಟಿಂಗ್ ಇಂಜಿನ್. ಡಬ್ಬಿ ಜೋಡಿಸಿ ಕೊಡೂದು ಅಷ್ಟೆ. ಊರಿಗೆ ಹೋಗೂ ಇಂಜಿನ್ ಬೇರೆ."

"ಅಂದ್ರೆ ನೀ ಈ ಕಂಪೌಂಡು ದಾಟೂದೇ ಇಲ್ಲ?"

"ಇಂಜಿನ್ ತಕಂಡು ದಾಟೂದಿಲ್ಲ."

ಕಳ್ಳನನ್ನು ಹಿಡಿದ ಪೊಲೀಸನ ಹಾಗೆ ಮಾವ ಅಪ್ಪನ ಕಡೆ ತಿರುಗಿದ. "ಕೇಳಿದ್ರಾ ಭಾವ? ದೇಶ ಸುತ್ತೂ ಡ್ರೈವರ್ ಅಂದ್ಕಂಡು ಬಂದ್ರೆ, ಇವ ಅಂಗಳದಲ್ಲೇ ತಿರುಗೂದು."

ಗಣಪತಿ ಕೈಯ ಮಸಿಯನ್ನು ಹಳೆಯ ಬಟ್ಟೆಗೆ ಒರೆಸುತ್ತ ತಲೆ ತಗ್ಗಿಸಿ ನಿಂತ. ಸಂಬಂಧ ಅಲ್ಲಿಗೇ ಮುಗಿಯಿತೆಂದು ನಾನು ತಿಳಿದೆ. ಬೆಳಿಗ್ಗೆಯಿಂದ ತುಟಿ ಬಿಚ್ಚದ ಅಕ್ಕ ಆಗ ನೇರವಾಗಿ ಅವನನ್ನೇ ಕೇಳಿದಳು.

"ಹಂಗಾರೆ ದಿನಾ ಮನೆಗೆ ಬತ್ರಿ?"

"ಪಾಳಿ ಮುಗಿದ ಕೂಡ್ಲೆ."

"ಗಾಳಿಮಳೆ ಇದ್ರೂ?"

"ಬತ್ತೆ. ಸ್ವಲ್ಪ ನೆನೀತೆ, ಅಷ್ಟೆ."

ಅಕ್ಕ ಅಪ್ಪನ ಕಡೆ ನೋಡಿ, "ಅಪ್ಪಾ, ನಂಗೆ ಆತು" ಎಂದಳು.

ಹಿಂದಿನ ವರ್ಷ ಅಣ್ಣನ ದೋಣಿ ಬಿರುಗಾಳಿಗೆ ಸಿಕ್ಕಿ ಹೊತ್ತಿಗೆ ಸರಿಯಾಗಿ ಬಾರದಿದ್ದಾಗ, ಅದು ಬರುವವರೆಗೂ ಅನ್ನ ನೀರು ಬಿಟ್ಟು ಅಮ್ಮನ ಜೊತೆ ದಂಡೆಯಲ್ಲಿ ಕೂತವಳು ಅವಳು. ಅಪ್ಪ ಮುಂದೆ ಬಂದು ಗಣಪತಿಯ ಹೆಗಲ ಮೇಲೆ ಕೈಯಿಟ್ಟ. ಹಿಂತಿರುಗುವಾಗ ಘಟ್ಟ ಇಳಿಯುವ ಮೊದಲೇ, ಹುಡುಗ ಒಳ್ಳೆಯವನೆಂದು ತನಗೆ ನೋಡಿದ ಕೂಡಲೇ ಗೊತ್ತಾಗಿತ್ತು ಎಂದು ಸುಬ್ಬಮಾವ ಘೋಷಿಸಿದ.

ಮದುವೆಯಾದ ವರ್ಷ ದೀಪಾವಳಿಗೆ ಬಂದ ಅಕ್ಕ ಅಡುಗೆಮನೆಯಲ್ಲಿ ಕೂತು ದೂರಿದಳು: "ಎಂತ ಮಾಡೂದು ಅಮ್ಮಾ, ಪಕ್ಕದ ಮನೆಯಲ್ಲಿ ಒಂದು ಗಳಿಗೆ ಕೂತ್ಕಣೂಕೂ ಪುರಸೊತ್ತಿಲ್ಲ. ಅಷ್ಟರಲ್ಲಿ ಇವ್ರು ಬಂದಾತು."

ಗಂಡ ಬೇಗ ಬರುತ್ತಾನೆಂದು ನಮ್ಮ ಕೇರಿಯಲ್ಲಿ ಅದುವರೆಗೆ ಯಾರೂ ದೂರಿರಲಿಲ್ಲ. ಅಮ್ಮ ಅವಳನ್ನು ಗದರಿಸಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಆ ದೂರನ್ನು ಮನೆಮನೆಗೂ ಹೇಳಿ ಬರಲು ಹೊರಟಳು.