ಕೆಂಪಾದ ಕೂಸಿನ ಕಲ್ಲು

ಮೊನ್ನೆ ಮೊಮ್ಮಗಳು ಗೋಡೆಗೆ ಸುಣ್ಣ ಹಚ್ಚುವಾಗ ಅರಿಶಿನದ ಡಬ್ಬಿ ಉರುಳಿ ಸುಣ್ಣದ ಬಕೆಟ್ಟಿಗೆ ಬಿತ್ತು. ನೋಡನೋಡುತ್ತಿದ್ದಂತೆ ಸುಣ್ಣ ಕೆಂಪಗಾಯಿತು. ಆ ಹಸಿ ವಾಸನೆಗೆ ನನಗೆ ಚರ್ಚಿನ ಕಾಕಾ ನೆನಪಾದರು. ನೆನಪಾದದ್ದೇ ತಡ, ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಹೋಗಿಲ್ಲ ನೋಡಿ!

ನಾನು ಮದುವೆಯಾಗಿ ಸೋಲಾಪುರದ ಕಡೆ ವಳಸಂಗದ ಹತ್ತಿರದ ಒಂದು ಹಳ್ಳಿಗೆ ಹೋದಾಗ ಇನ್ನೂ ಇಂಗ್ರೇಜರ ಕಾಲ. ನಮ್ಮ ಮನೆಗೆ ಹೊಂದಿಕೊಂಡೇ ಚರ್ಚು. ಕಲ್ಲಿನ ಕಮಾನು, ನೀಲಿ ಗಾಜಿನ ಒಂದು ಕಿಟಕಿ, ಕೂತರೆ ಕಿರುಗುಟ್ಟುವ ಮರದ ಬೆಂಚುಗಳು. ಬಾಗಿಲ ಬಳಿ ಒಂದು ಕಲ್ಲಿನ ತೊಟ್ಟಿ; ಅದರ ನೀರು ಚಿಮುಕಿಸಿ ಅವರ ಮಕ್ಕಳಿಗೆ ಹೆಸರಿಡುತ್ತಿದ್ದರು. ಊರವರು ಅದನ್ನು ಕೂಸಿನ ಕಲ್ಲು ಎನ್ನುತ್ತಿದ್ದರು. ಇದನ್ನೆಲ್ಲ ಕಾಯುವವರು ಕಾಕಾ. ಅವರ ಒಬ್ಬಳೇ ಮಗಳಿಗೂ ಅಲ್ಲೇ ಹೆಸರಿಟ್ಟಿದ್ದರಂತೆ. ಆ ಹುಡುಗಿ ಪ್ಲೇಗಿನಲ್ಲಿ ಹೋದಳು...

ನಮ್ಮ ಕಡೆ ಬಾಣಂತಿ ಹೊರಗೆ ಬಂದ ದಿನ ಗಂಗಿಪೂಜೆ ಮಾಡಿ ಬಾವಿಗೆ ಅರಿಶಿನ ಕುಂಕುಮ ಹಚ್ಚುತ್ತಾರೆ. ನಮ್ಮತ್ತೆ ಬಾವಿ ಮುಗಿಸಿ ನೆಟ್ಟಗೆ ಹೋಗಿ ಕೂಸಿನ ಕಲ್ಲಿಗೂ ಬಳಿದು ಬರುತ್ತಿದ್ದರು. ಹಿಂದೆಯೇ ಕಾಕಾ ತಿಕ್ಕುತ್ತಿದ್ದರು. ತಿಕ್ಕಲು ನೀರು ಯಾರ ಮನೆಯದು? ನಮ್ಮದೇ! ಹೊರುವವಳು? ನಾನೇ! ಇಬ್ಬರ ಹಟಕ್ಕೆ ನನ್ನ ಸೊಂಟ ಬಿದ್ದುಹೋಗಿತ್ತು.

“ಅವ್ವಾರ, ಕೈ ಮುಗೀತೀನ್ರಿ, ಹಚ್ಚಬ್ಯಾಡ್ರಿ,” ಎಂದು ಕಾಕಾ ಬೇಡಿಕೊಂಡರು. “ಇನ್ನೊಮ್ಮೆ ಕಂಡ್ರ ಕಲ್ಲ ಸೋಲಾಪುರಕ್ಕ ಒಯ್ತೀನಂತ ಪಾದ್ರಿ ಸಾಹೇಬ್ರು ಹೇಳ್ಯಾರ್ರಿ. ನನ್ನ ಮಗಳಿಗೆ ಹೆಸರಿಟ್ಟ ಕಲ್ಲದು.”

“ಕೂಸಿಗೆ ಹೆಸರ ಕೊಡೋ ತಾಯಿನ್ನ ಬೋಳ ಹಣಿಲೆ ನಿಂದ್ರಸಾಕ ಬರ್ತದೇನೋ ತಮ್ಮಾ?” ಎಂದರು ಅತ್ತೆ. ಅವರು ಯಾರ ಮಾತನ್ನೂ ಕೇಳಿದವರಲ್ಲ.

ಪಾದ್ರಿ ಬರುವ ಹಿಂದಿನ ದಿನವೇ ನಾದಿನಿಯ ಗಂಗಿಪೂಜೆ. ಅತ್ತೆ ಬಿಟ್ಟಾರೆಯೇ? ಮರುದಿನ ಮುಂಜಾನೆ ಕಾಕಾ ನೋಡಿದರೆ ಕಲ್ಲೆಲ್ಲ ಹಳದಿ. ತಿಕ್ಕಲು ಹೊತ್ತಿಲ್ಲವೆಂದು ಕಾಕಾ ಗೋಡೆಗೆ ಕಲಸಿಟ್ಟಿದ್ದ ಸುಣ್ಣವನ್ನೇ ಅದರ ಮೇಲೆ ಬಳಿದುಬಿಟ್ಟರು. ಅಯ್ಯೋ ನನ್ನಪ್ಪಾ! ಅರಿಶಿನಕ್ಕೆ ಸುಣ್ಣ ಸೇರಿದರೆ ಏನಾಗುತ್ತದೆಂದು ಊರಿನ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಗೋಡೆಯಾಚೆ ಇದ್ದ ನನ್ನನ್ನೊಂದು ಮಾತು ಕೇಳಬಾರದಿತ್ತೇ? ಪಾದ್ರಿ ಒಳಗೆ ಕಾಲಿಟ್ಟಾಗ ಕಲ್ಲು ಮುತ್ತೈದೆಯ ಹಣೆಯ ಹಾಗೆ ಕೆಂಪಗಿತ್ತು.

ಸಂಜೆ ಚಕ್ಕಡಿ ಬಂತು, ಕಲ್ಲು ಹೋಯಿತು. ಕಾಕಾ ಊರಾಚೆಯವರೆಗೂ ಅದರ ಹಿಂದೆ ನಡೆದರು. ಅತ್ತೆ ಒಲೆಯ ಮುಂದೆ ಕೂತು ಅತ್ತರು. ಈಗ ಅತ್ತು ಏನು ಬಂತು ಎಂದು ನನಗೆ ಮೈಯೆಲ್ಲ ಉರಿಯಿತು. ಚರ್ಚಿನ ನೆಲದಲ್ಲಿ ಒಂದು ಗುಂಡನೆಯ ಗುರುತು ಮಾತ್ರ ಉಳಿಯಿತು...

ಮುಂದೆ ನಾನು ಹಡೆದಾಗ, ಗಂಗಿಪೂಜೆಯ ದಿನ ಅತ್ತೆ ಅರಿಶಿನದ ಬಟ್ಟಲು ಹಿಡಿದು ಚರ್ಚಿನ ಬಾಗಿಲಲ್ಲೇ ನಿಂತರು. ಒಳಗೆ ಹೋಗಲು ಅಂಜಿಕೆ. ಕಾಕಾ ನೋಡಿದರು. ಹೆಗಲ ಮೇಲಿನ ವಸ್ತ್ರದಿಂದ ಆ ಗುರುತಿನ ಧೂಳು ಒರೆಸಿ ಪಕ್ಕಕ್ಕೆ ಸರಿದರು.

“ಹಚ್ಚರಿ ಅವ್ವಾರ,” ಎಂದರು. “ಈಗ ಒಯ್ಯಾಕ ಏನೂ ಉಳದಿಲ್ಲ.”

ಈಗ ಆ ನೆಲಕ್ಕೆ ಹೊಸ ಫರಸಿ ಕಲ್ಲು ಹಾಕಿದ್ದಾರೆ, ಗುರುತೂ ಇಲ್ಲ. ಮೊಮ್ಮಗಳು ಕೆಂಪು ಸುಣ್ಣವನ್ನು ಮೋರಿಗೆ ಸುರಿಯಲು ಎದ್ದಳು. ತಡಿ ಎಂದು ಕೈ ಹಿಡಿದೆ. ಸಿಟ್ಟು ಮಾಡೋಣವೆಂದರೂ ಅತ್ತೆ, ಕಾಕಾ ಇಬ್ಬರೂ ಈಗ ಇಲ್ಲವಲ್ಲ...