ಒಡೆಯದೆ ಉಳಿದ ಮಜ್ಜಿಗೆ ಗಡಿಗೆ

ನಾನು ಚಿಕ್ಕವನಿದ್ದಾಗ ನನ್ನ ಕೈಗೆ ಸಿಕ್ಕಿದ್ದು ಯಾವುದೂ ಉಳಿಯುತ್ತಿರಲಿಲ್ಲ. ಒಣಗಿದ ಸೋರೆಬುರುಡೆ, ಉತ್ತ ಹೊಲದ ಹೆಂಟೆ, ತೆಂಗಿನ ಚಿಪ್ಪು, ಕೊನೆಗೆ ಮನೆಯಲ್ಲಿದ್ದ ಒಂದೇ ಒಂದು ಲಾಟೀನಿನ ಗಾಜು ಕೂಡ. ಒಡೆಯುವಾಗ ಬರುವ ಆ ಸದ್ದು ಇದೆಯಲ್ಲ, ಅದಕ್ಕೆ ನಾನು ಪ್ರಾಣ ಬಿಡುತ್ತಿದ್ದೆ. ಆಮೇಲೆ ಬೆನ್ನಿಗೆ ಗುದ್ದು ಬೀಳುತ್ತಿತ್ತು, ಬೀಳಲಿ! "ಮನೆಹಾಳ, ಇವನ ಕೈಗೆ ಏನೂ ಕೊಡ್ಬ್ಯಾಡಿ" ಎಂದು ಅವ್ವ ಕೂಗಾಡುತ್ತಿದ್ದರೆ ಅಜ್ಜಿ ಮಾತ್ರ ನನ್ನನ್ನು ಮಡಿಲಿಗೆ ಎಳೆದುಕೊಂಡು, "ಕಲ್ತ್ಕಳ್ಳಿ ಬುಡವ್ವ, ನಾನು ಸತ್ರೆ ಮಡಕೆ ಒಡ್ಯೋನು ಅವ್ನೇ ತಾನೆ" ಎಂದು ನಗುತ್ತಿದ್ದಳು.

ಅವಳು ಹೇಳಿದ್ದು ತಮಾಷೆಯಲ್ಲ. ಬಾಗೂರಿನ ಕಡೆಯ ನಮ್ಮ ಊರಿನಲ್ಲಿ ಆಗ ಅಡುಗೆಯೆಲ್ಲ ಮಣ್ಣಿನ ಪಾತ್ರೆಯಲ್ಲೇ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ತಿಥಿಯ ಹಿಂದಿನ ದಿನ ಹಿತ್ತಾಳೆಯದನ್ನೆಲ್ಲ ಹುಣಸೆಹಣ್ಣು ಹಾಕಿ ಬೆಳಗಿ ಒಳಗಿಡುತ್ತಿದ್ದರು. ಮಣ್ಣಿನದನ್ನೆಲ್ಲ ಊರಾಚೆ ಹಳ್ಳದ ದಂಡೆಗೆ ಹೊತ್ತು ಒಡೆದುಬಿಡುತ್ತಿದ್ದರು. ನಮ್ಮ ಮನೆಯಲ್ಲಿ ಅದು ಮೊಮ್ಮಗನ ಕೆಲಸ. ಒಂದು ಪಾತ್ರೆ ಇಡಿಯಾಗಿ ಉಳಿದರೂ ಸತ್ತವರು ನೀರಿಗೆಂದು ಅದನ್ನು ಹುಡುಕಿಕೊಂಡು ಬರುತ್ತಾರೆ, ಮುಂದಕ್ಕೆ ಹೋಗುವುದೇ ಇಲ್ಲ ಎಂದು ಹಿರಿಯರು ಹೇಳುತ್ತಿದ್ದರು.

ಅಜ್ಜಿ ಬೇಸಿಗೆಯಲ್ಲಿ ತೀರಿಕೊಂಡಳು. ತಿಥಿಯ ಹಿಂದಿನ ಮಧ್ಯಾಹ್ನ ಅಪ್ಪ ಮಂಕರಿಗಳಲ್ಲಿ ಮಡಕೆ ತುಂಬಿಸಿ, ನನ್ನನ್ನೂ ಅಕ್ಕನನ್ನೂ ಹಳ್ಳಕ್ಕೆ ಕರೆದುಕೊಂಡು ಹೋದ. "ಒಂದೂ ಉಳೀಬಾರ್ದು ಕಣ್ಲಾ. ಎಲ್ಲಾನೂ ಒಡ್ದಾಕಿ, ತಿರುಗಿ ನೋಡ್ದೆ ಬಂದ್ಬುಡಿ" ಎಂದು ಹೇಳಿ, ತಾನು ಮಾತ್ರ ಅಲ್ಲಿ ನಿಲ್ಲದೆ ಸರಸರನೆ ಮನೆಗೆ ಹೊರಟುಹೋದ.

ಅಯ್ಯೋ, ಆ ಖುಷಿಯನ್ನು ಹೇಗೆ ಹೇಳಲಿ! ಹುಟ್ಟಿದಾಗಿನಿಂದ ಬೈಸಿಕೊಂಡವನಿಗೆ ಮೊದಲ ಸಲ ಒಡೆ ಎಂದು ಹೇಳಿದ್ದರು. ನನಗೆ ಮುಗಿಲು ಮೂರೇ ಗೇಣು. ಮುದ್ದೆಯ ಮಡಕೆಯನ್ನು ಎರಡೂ ಕೈಯಲ್ಲಿ ಎತ್ತಿ ಕಲ್ಲಿಗೆ ಕುಕ್ಕಿದೆ. ಮಸಿ ಹಾರಿ ಮುಖಕ್ಕೆಲ್ಲ ಮೆತ್ತಿತು. ಸಾರಿನ ಗಡಿಗೆ ಟಳ್ಳೆಂದು ಚೂರಾಯಿತು, ಅದರೊಳಗಿನಿಂದ ಹಳೆಯ ಹುರುಳಿ ಸಾರಿನ ವಾಸನೆ ಬಂತು. ನೀರಿನ ಹರವಿಯನ್ನು ಎತ್ತಲಾಗದೆ ದಂಡೆಯಿಂದ ಉರುಳಿಸಿದೆ. ಅದು ಒಡೆದ ಸದ್ದು ನೆಲದೊಳಗಿನಿಂದ ಬಂದ ಹಾಗಿತ್ತು.

ಆಗಲೇ ನಾನು ಅದನ್ನು ಗಮನಿಸಿದ್ದು. ನಾನೊಂದು ಒಡೆದರೆ ಆಚೆ ದಂಡೆಯ ಬಂಡೆಗಳ ಹಿಂದೆಯೂ ಒಂದು ಒಡೆಯುತ್ತಿತ್ತು. ನಾನು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಅದು ಮಾರ್ದನಿ ಎಂದು ಈಗ ನನಗೂ ಗೊತ್ತು, ನಿಮಗೂ ಗೊತ್ತು. ಆ ಸುಡುಬಿಸಿಲಿನಲ್ಲಿ, ಒಂದು ಕಾಗೆಯ ಕೂಗೂ ಇಲ್ಲದ ಜಾಗದಲ್ಲಿ, ಆಚೆಗೆ ಯಾರೋ ಕೂತು ನನ್ನ ಜೊತೆಗೇ ಮಡಕೆ ಒಡೆಯುತ್ತಿದ್ದಾರೆ ಎಂದೇ ನನಗೆ ಅನ್ನಿಸಿತು. ನನ್ನ ಖುಷಿ ಅಲ್ಲಿಗೇ ಇಳಿದುಹೋಯಿತು. ಉಳಿದದ್ದನ್ನು ಬೇಗ ಬೇಗ ಒಡೆದು, ತಿರುಗಿ ನೋಡದೆ ಮನೆಗೆ ಓಡಿ ಬಂದೆ. ಅಕ್ಕ ತುಂಬ ಹೊತ್ತಾದ ಮೇಲೆ ಬಂದಳು.

ಮನೆಯಲ್ಲಿ ಸಂತೆಯಿಂದ ತಂದ ಹೊಸ ಮಡಕೆಗಳು ಸಾಲಾಗಿ ಕೂತಿದ್ದವು. ಅಕ್ಕ ನನ್ನನ್ನು ಹುಲ್ಲಿನ ಬಣವೆಯ ಹಿಂದಕ್ಕೆ ಎಳೆದುಕೊಂಡು ಹೋಗಿ, ಅಜ್ಜಿಯ ಮಜ್ಜಿಗೆ ಗಡಿಗೆಯನ್ನು ತಾನು ಬಚ್ಚಿಟ್ಟಿರುವುದಾಗಿ ಹೇಳಿದಳು. ಹಳ್ಳದ ಹೊಂಗೆಮರದ ಬುಡದಲ್ಲಿಟ್ಟು, ಬಾಯಿ ಮಟ್ಟ ನೀರು ತುಂಬಿಸಿ, ಮೇಲೆ ಚಪ್ಪಡಿ ಕಲ್ಲು ಮುಚ್ಚಿ ಬಂದಿದ್ದಳಂತೆ.

"ಅಜ್ಜಿ ವಾಪಸ್ ಬಂದ್ಬುಡ್ತಾಳೆ ಕಣಕ್ಕ!" ಎಂದೆ.

"ಬರ್ಲಿ ಅಂತ್ಲೇ ಕಣ್ಲಾ ಮಡಗಿರೋದು" ಎಂದಳು ಅಕ್ಕ.

ಅಕ್ಕ ಹುಟ್ಟಿದಾಗಿನಿಂದ ಅಜ್ಜಿಯ ಪಕ್ಕದಲ್ಲೇ ಮಲಗಿದವಳು. ಅಜ್ಜಿ ಹೋದ ಮೇಲೆ ಅವಳಿಗೆ ಸರಿಯಾಗಿ ಊಟ ಸೇರುತ್ತಿರಲಿಲ್ಲ, ಕಣ್ಣು ಗುಳಿ ಬಿದ್ದಿದ್ದವು. ನನಗೂ ಅಜ್ಜಿ ಬೇಕಾಗಿದ್ದಳು. ಆದರೆ ಬರುವವಳು ಯಾವ ಅಜ್ಜಿ? ಬೆನ್ನು ಕೆರೆದು ಮಲಗಿಸುತ್ತಿದ್ದವಳೋ, ಸತ್ತ ದಿನ ಹಣೆಯ ಮೇಲೆ ಕಾಸು ಅಂಟಿಸಿಕೊಂಡು ಗೋಡೆಗೆ ಒರಗಿ ಕೂತಿದ್ದವಳೋ? ನಾಳೆ ಎಡೆ ಇಡುವ ಹೊತ್ತಿಗೆ ಅಜ್ಜಿ ಮುಂದಕ್ಕೂ ಹೋಗದೆ, ಮನೆಗೂ ಬರಲಾಗದೆ ಹಳ್ಳದಲ್ಲೇ ನಿಂತುಬಿಟ್ಟರೆ ಏನು ಗತಿ ಎಂದು ಅಳು ಬಂತು.

ಹೊತ್ತು ಮುಳುಗುವ ಸಮಯಕ್ಕೆ ಅಕ್ಕ ನೋಡಿಬರಲು ಹೊರಟಳು. ಅವಳನ್ನು ಒಬ್ಬಳನ್ನೇ ಕಳಿಸಲು ಮನಸ್ಸು ಬರದೆ ನಾನೂ ಹೋದೆ. ಕಾಲಡಿಯಲ್ಲಿ ನಾನೇ ಒಡೆದ ಚೂರುಗಳು ಕರಕರ ಅನ್ನುತ್ತಿದ್ದವು. ಗಾಳಿ ಇರಲಿಲ್ಲ, ಆದರೂ ಹೊಂಗೆಯ ಒಂದೇ ಒಂದು ರೆಂಬೆ ಅಲುಗುತ್ತಿತ್ತು. ಗಡಿಗೆ ಇಟ್ಟಲ್ಲೇ ಇತ್ತು. ಮೇಲಿನ ಚಪ್ಪಡಿಯನ್ನು ಯಾರೋ ಎತ್ತಿ ಪಕ್ಕದಲ್ಲಿ ಇಟ್ಟಿದ್ದರು. ನೀರು ಅರ್ಧಕ್ಕೆ ಇಳಿದಿತ್ತು.

"ಕುಡುದವ್ಳೆ! ನೋಡ್ಲಾ, ಕುಡುದವ್ಳೆ!" ಎಂದು ಅಕ್ಕ ಪಿಸುಗುಟ್ಟಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖ ಅರಳಿತ್ತು. ಅಷ್ಟರಲ್ಲಿ ಮರದ ಹಿಂದಿನಿಂದ ಕೆಮ್ಮು ಕೇಳಿಸಿತು. ಸಾಕ್ಷಾತ್ ಅಜ್ಜಿಯ ಕೆಮ್ಮು! ನಾನು ಅಕ್ಕನ ಲಂಗ ಹಿಡಿದುಕೊಂಡು ಕಣ್ಣು ಮುಚ್ಚಿಬಿಟ್ಟೆ.

ಕಣ್ಣು ಬಿಟ್ಟಾಗ ಮರದ ಆಚೆ ಅಪ್ಪ ಕೂತಿರುವುದು ಕಂಡಿತು. ಬೋಳಿಸಿದ ತಲೆ, ಬರಿಮೈ. ಒಂದೂ ಉಳಿಯಬಾರದು ಎಂದಿದ್ದ ಅಪ್ಪ ಆ ಗಡಿಗೆಯ ಹತ್ತಿರ ಎಷ್ಟು ಹೊತ್ತಿನಿಂದ ಕೂತಿದ್ದನೋ! ಅವನು ಬೈಯಲಿಲ್ಲ.

"ನೀನು ಕುಡುದ್ಯೇನಪ್ಪ?" ಎಂದು ಅಕ್ಕ ಕೇಳಿದಳು.

"ಇಲ್ಲ ಕಣವ್ವ. ನಾನು ಬಂದು ಕಲ್ಲು ತಗ್ದಾಗ್ಲೇ ಅರ್ಧ ಆಗಿತ್ತು."

ಅವನ ಗದ್ದ ಒದ್ದೆಯಾಗಿತ್ತು. ಅದು ಕಣ್ಣೀರೋ, ಕುಡಿದ ನೀರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪ ಗಡಿಗೆಯನ್ನು ಎತ್ತಿ ಎದೆಗೆ ಒತ್ತಿಕೊಂಡ, ಮತ್ತೆ ಕೆಳಗಿಟ್ಟ. ನನ್ನ ಕಡೆ ನೋಡಿದ. ನಾನು ಹಿಂದಕ್ಕೆ ಸರಿದೆ. ಒಡೆಯುವುದೆಂದರೆ ಬೇಡ ಅನ್ನಿಸಿದ್ದು ನನಗೆ ಅದೇ ಮೊದಲು.

"ಅಜ್ಜಿ ದಾಹ ತೀರ್ತಲ್ಲ ಮಗ. ಇನ್ನು ನಾವು ಹಿಡ್ಕಂಡ್ರೆ ಅವ್ಳು ಓಗೋದೆಂಗೆ?" ಎಂದು ಅಪ್ಪ ಅಕ್ಕನಿಗೆ ಹೇಳಿದ. ಅಕ್ಕ ಉಳಿದ ನೀರನ್ನು ಹೊಂಗೆಯ ಬುಡಕ್ಕೆ ಸುರಿದು, ಗಡಿಗೆಯ ಬಾಯಿಗೆ ಮುಖ ಇಟ್ಟು ಒಂದು ಸಲ ಮೂಸಿದಳು. ಎದ್ದು ನಿಂತು, ಕಲ್ಲಿನ ಮೇಲೆ ಬಿಟ್ಟುಬಿಟ್ಟಳು.

ಅದು ಒಡೆಯಿತು. ನಾವು ಮೂವರೂ ಉಸಿರು ಹಿಡಿದು ಆಚೆ ದಂಡೆಗೆ ಕಿವಿಗೊಟ್ಟೆವು. ಈ ಸಲ ಅಲ್ಲಿಂದ ಯಾವ ಸದ್ದೂ ಬರಲಿಲ್ಲ. ಅಕ್ಕ ಅಪ್ಪನ ಹೆಗಲಿಗೆ ಮುಖ ಹುದುಗಿಸಿ ಜೋರಾಗಿ ಅತ್ತಳು. ಆವತ್ತು ರಾತ್ರಿ ಅವಳು ಹೊಟ್ಟೆ ತುಂಬ ಉಂಡು ಮಲಗಿದಳು.

ನಿಮ್ಮ ಮನೆಯಲ್ಲಿ ಒಡೆಯುವಂಥದ್ದು ಏನಿದೆ ಹೇಳಿ ಮಕ್ಕಳೇ? ಕೊಡ ಪ್ಲಾಸ್ಟಿಕ್ಕು, ತಟ್ಟೆ ಲೋಟ ಎಲ್ಲ ಸ್ಟೀಲು. ಮೊಬೈಲಿನ ಆಟದಲ್ಲಿ ಕೋಟೆಗಳನ್ನೇ ಪುಡಿ ಮಾಡುತ್ತೀರಿ, ಬೆರಳು ಮುಟ್ಟಿಸಿದರೆ ಅವು ಮತ್ತೆ ಎದ್ದು ನಿಲ್ಲುತ್ತವೆ. ಹೋದ ವರ್ಷ ನಿಮ್ಮ ಅಜ್ಜಿ ಹೋದಾಗ ನಾನು ಹಾಸನದ ಈ ಮನೆಯ ಅಡುಗೆಮನೆಯಲ್ಲಿ ನಿಂತು ಹುಡುಕಿದೆ. ಒಡೆಯಲು ಒಂದು ಸಾಮಾನೂ ಸಿಗಲಿಲ್ಲ. ಎಲ್ಲವನ್ನೂ ತೊಳೆದು, ಅವಳು ಇಡುತ್ತಿದ್ದ ಜಾಗದಲ್ಲೇ ಇಟ್ಟೆವು. ಇನ್ನು ಹೊರಡು ಎಂದು ಅವಳಿಗೆ ಯಾರೂ ಹೇಳಿಯೇ ಇಲ್ಲ. ಬೆಳಗಿನ ಜಾವ ಅಡುಗೆಮನೆಯಲ್ಲಿ ಲೋಟದ ಸದ್ದಾದರೆ ನೀವು ಹೆದರಿ ಲೈಟು ಹಾಕುತ್ತೀರಲ್ಲ, ಹಾಕಬೇಡಿ. ನಿಮ್ಮ ಅಜ್ಜಿಗೆ ಬೆಳಕು ಕಣ್ಣಿಗೆ ಚುಚ್ಚುತ್ತದೆ.