ಉಡಿ ತುಂಬಿದ ಮಗಳ ಟಿಕೇಟು

ಬೈಲಹೊಂಗಲದ ಪೇಟೆಯೊಳಗೆ ಒಂದು ಹಳೇ ವಾಡೆ ಇತ್ತು. ಅದರಲ್ಲಿ ಒಂದು ಟ್ರಸ್ಟಿನವರು ಮ್ಯೂಸಿಯಂ ಮಾಡಿದ್ದರು. ಹೂಲಿ ಕಡೆಯ ಹೊಲಗಳಲ್ಲಿ ಸಿಕ್ಕ ಮೂಗು ಮುಕ್ಕಾದ ಮೂರ್ತಿಗಳು, ಕತ್ತಿ ಗುರಾಣಿ, ಯಾರದೋ ಮುತ್ತಜ್ಜನ ರುಮಾಲು, ಬಣ್ಣ ಹೋದ ತೊಟ್ಟಿಲು. ಊರ ಮಂದಿ ಒಮ್ಮೆ ನೋಡಿದರೆ ಮತ್ತೆ ಹಣಿಕಿ ಹಾಕುತ್ತಿರಲಿಲ್ಲ. ತಮ್ಮ ಮನೆಯ ಅಟ್ಟದ ಮೇಲೆ ಬಿದ್ದಿರುವ ಸಾಮಾನನ್ನೇ ರೊಕ್ಕ ಕೊಟ್ಟು ಯಾಕೆ ನೋಡಬೇಕು ಎನ್ನುವ ಅವರ ಮಾತೂ ಸುಳ್ಳಲ್ಲ ಬಿಡಿ.

ಅದರ ಬಾಗಿಲಲ್ಲಿ ಟಿಕೇಟು ಹರಿದುಕೊಡುತ್ತಿದ್ದವಳು ಶೆಟ್ಟೆವ್ವ. ಬೆಳಿಗ್ಗೆ ಬಂದು ಕಸ ಹೊಡೆದು, ನೆಲ ಒರೆಸಿ, ಮೂರ್ತಿಗಳ ಧೂಳು ಝಾಡಿಸಿದ ಮೇಲೆಯೇ ಅವಳಿಗೆ ಸ್ಟೂಲಿನ ಮೇಲೆ ಕೂರುವ ಪುಣ್ಯ. ಅಷ್ಟೊತ್ತಿಗೆ ಮೊಣಕಾಲು ಬೇಡ ಎನ್ನುತ್ತಿದ್ದವು. ನೇಸರಗಿಯ ಹೆಣ್ಣು, ಮದುವೆಯಾಗಿ ಬಂದಾಗಿನಿಂದ ಕೂತು ಉಂಡವಳಲ್ಲ. ಗಂಡ ಅಮೋಘಸಿದ್ದಪ್ಪ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಧೂಳು ಕುಡಿದು ಕುಡಿದು ದಮ್ಮು ಹತ್ತಿಸಿಕೊಂಡು ಮನೆ ಹಿಡಿದ ಮೇಲೆ ಅವಳು ಈ ಕೆಲಸಕ್ಕೆ ಸೇರಿದಳು. ಹತ್ತು ವರ್ಷವಾದರೂ ದಿನಗೂಲಿಯೇ. ಮುಂದಿನ ಮೀಟಿಂಗಿನಲ್ಲಿ ಕಾಯಂ ಮಾಡೋಣ ಎನ್ನುತ್ತಿದ್ದರು ಟ್ರಸ್ಟಿನವರು. ಮೀಟಿಂಗಿನಲ್ಲಿ ಚಹಾ ಆಗುತ್ತಿತ್ತು, ಚುರಮುರಿ ಆಗುತ್ತಿತ್ತು, ಶೆಟ್ಟೆವ್ವನ ಕೆಲಸ ಮಾತ್ರ ಆಗುತ್ತಿರಲಿಲ್ಲ.

ಎರಡು ಸಾವಿರದ ಎರಡನೇ ಇಸವಿಯ ಹೊತ್ತಿಗೆ ಊರಿಗೆ ಒಂದು ಹಾಲೆಂಡಿನ ಸಂಸಾರ ಬಂದು ಬಾಡಿಗೆ ಮನೆ ಹಿಡಿಯಿತು. ಗಂಡನಿಗೆ ನವಿಲುತೀರ್ಥದ ಡ್ಯಾಮಿನ ಕಾಲುವೆಯ ನೀರು ಯಾವ ಹೊಲಕ್ಕೆ ಮುಟ್ಟುತ್ತದೆ, ಯಾವುದಕ್ಕೆ ಮುಟ್ಟುವುದಿಲ್ಲ ಎಂದು ತಿರುಗಿ ನೋಡುವ ಕೆಲಸ. ಹೆಂಡತಿ ಮಾರ್ಥಾ, ಜೊತೆಗೆ ಆರು ವರ್ಷದ ಮಗ. ಬೆಳ್ಳಗಿದ್ದವರೆಲ್ಲ ಸಾವಕಾರರು ಎಂಬ ಭ್ರಮೆ ನಮ್ಮ ಕಡೆ ಇನ್ನೂ ಹೋಗಿಲ್ಲ ನೋಡಿ. ತರಕಾರಿಯವಳಿಂದ ಹಿಡಿದು ಮನೆ ಮಾಲಕನವರೆಗೆ ಎಲ್ಲರೂ ಅವರಿಗೆ ಬೇರೆ ರೇಟು ಹೇಳುವವರೇ. ಪಾಪ, ಅವರಿಗೆ ಪಗಾರ ಬರುತ್ತಿದ್ದದ್ದು ರೂಪಾಯಿಯಲ್ಲಿ, ಅದೂ ಒಬ್ಬ ಹೈಸ್ಕೂಲು ಮಾಸ್ತರನಿಗಿಂತ ಹೆಚ್ಚೇನಲ್ಲ.

ಮ್ಯೂಸಿಯಮ್ಮೂ ಹಾಗೆಯೇ. ದೊಡ್ಡ ಊರುಗಳಲ್ಲಿ ಮಾಡಿದ್ದಾರೆಂದು ಇಲ್ಲಿಯೂ ಒಂದು ಬೋರ್ಡು ಬರೆಸಿದ್ದರು. ತಾಲೂಕಿನವರಿಗೆ ಎರಡು ರೂಪಾಯಿ, ಪರದೇಶದವರಿಗೆ ನೂರು. ಆ ಸಂಸಾರ ಒಮ್ಮೆ ನೂರರಂತೆ ಕೊಟ್ಟು ಒಳಗೆ ಹೋಯಿತು. ಹುಡುಗನಿಗೆ ಕತ್ತಿ ಗುರಾಣಿಗಳ ಹುಚ್ಚು ಹತ್ತಿತು. ಆದರೆ ವಾರವಾರ ಅಷ್ಟು ಕೊಡುವುದು ಎಲ್ಲಿಂದ? ಆಮೇಲಿನ ಭಾನುವಾರಗಳಲ್ಲಿ ಅವರು ಬಂದು ಹೊರಗಿನ ಕಟ್ಟೆಯ ನೆರಳಿಗೆ ಕೂತು, ಬಾಗಿಲಿಂದ ಕಂಡಷ್ಟನ್ನು ಹುಡುಗನಿಗೆ ತೋರಿಸಿ ಹೋಗುತ್ತಿದ್ದರು. ಶೆಟ್ಟೆವ್ವ ಸ್ಟೂಲಿನಿಂದ ಎದ್ದು ಅವರ ಕಡೆ ಹೋಗುತ್ತಿದ್ದಳು. ಒಂದು ತಂಬಿಗೆ ನೀರು, ಎರಡು ಮಾತು, ಹೀಗೆ ಸಲಿಗೆ ಬೆಳೆಯಿತು. ಮಾರ್ಥಾ ಕನ್ನಡ ಕಲಿತದ್ದು ಅರ್ಧ ಆ ಕಟ್ಟೆಯ ಮೇಲೆಯೇ.

ಮಾರ್ಥಾ ಮತ್ತೆ ಬಸುರಿಯಾದಾಗ ಶೆಟ್ಟೆವ್ವನಿಗೆ ಸುಮ್ಮನಿರಲು ಆಗಲಿಲ್ಲ. ಏಳನೆಯ ತಿಂಗಳಲ್ಲಿ ಮನೆಗೆ ಕರೆದು, ಮಣೆಯ ಮೇಲೆ ಕೂರಿಸಿ, ಓಣಿಯ ನಾಲ್ಕು ಮುತ್ತೈದೆಯರನ್ನು ಸೇರಿಸಿ, ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕಿ ಉಡಿ ತುಂಬಿದಳು.

"ನಿನ್ನ ತವರಮನಿ ಭಾಳ ದೂರ ಐತಿ. ಸನೇದಾಗೂ ಒಂದ ಬೇಕಲ್ಲ? ಇದ ಅಂತ ತಿಳಕೋ" ಎಂದಳು.

ಮಾರ್ಥಾ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ಅಂದಿನಿಂದ ಅವಳ ಬಾಯಲ್ಲಿ ಶೆಟ್ಟೆವ್ವ 'ಅವ್ವ' ಆದಳು.

ಮುಂದಿನ ಭಾನುವಾರ ಶೆಟ್ಟೆವ್ವ ತಾನೇ ಅವರನ್ನು ಕೂಗಿ ಎರಡು ರೂಪಾಯಿಯ ಟಿಕೇಟು ಹರಿದುಕೊಟ್ಟಳು.

"ಅವ್ವಾ, ನಾವು ಪರದೇಶದವರು" ಎಂದಳು ಮಾರ್ಥಾ, ಬೋರ್ಡು ತೋರಿಸಿ.

"ಯಾರ ಹೇಳಿದ್ರು? ಉಡಿ ತುಂಬಿಸ್ಕೊಂಡ ಮ್ಯಾಲ ನೀ ಈ ಊರ ಮಗಳು. ನಿನ್ನ ಗಂಡ ಈ ಊರ ಅಳಿಯ. ಅಳಿಯಾನ ಕಡೆ ನೂರು ರೂಪಾಯಿ ಇಸಗೊಂಡ್ರ ಮಂದಿ ಏನಂದಾರು?"

ಇದು ಕಳ್ಳತನ ಎಂದು ಅವಳಿಗೆ ಹೊಳೆಯಲೇ ಇಲ್ಲ. ಉಡಿ ತುಂಬಿದ ಹೆಣ್ಣು ಮನೆಮಗಳು, ಮನೆಮಗಳು ತಾಲೂಕಿನವಳು, ಇದರಲ್ಲಿ ಯಾರನ್ನು ಕೇಳುವುದಿದೆ? ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು. ಬೆಳಗಾವಿಯ ದವಾಖಾನೆಯಲ್ಲಿ ಹುಟ್ಟಿದ ಕೂಸು ಮ್ಯೂಸಿಯಮ್ಮಿನ ತಣ್ಣನೆಯ ನೆಲದ ಮೇಲೆ ಅಂಬೆಗಾಲಿಟ್ಟಿತು. ದಣಿದ ದಿನಗಳಲ್ಲಿ ಶೆಟ್ಟೆವ್ವನಿಗೆ ಭಾನುವಾರ ಒಂದೇ ಹಗುರ.

ಆಮೇಲೆ ಒಂದು ಭಾನುವಾರ ಟ್ರಸ್ಟಿನ ಹಿರಿಯ ಶಂಕ್ರೆಪ್ಪ ಸಾವಕಾರರು ಬೀಗರನ್ನು ಕರೆದುಕೊಂಡು ಬಂದರು. ಆ ಬುಧವಾರವೇ ಮೀಟಿಂಗು. ಈ ಸಲ ನಿನ್ನನ್ನು ಖಂಡಿತ ಕಾಯಂ ಮಾಡುತ್ತಾರೆ ಎಂದು ಕಾರಕೂನ ಅಂದಾನೆಪ್ಪ ಅವಳಿಗೆ ಹೇಳಿದ್ದ. ಸಾವಕಾರರು ಒಳಗೆ ಹೋದವರು ಕತ್ತಿಯ ಚಿತ್ರ ಬರೆಯುತ್ತ ಕೂತಿದ್ದ ಹುಡುಗನನ್ನು ನೋಡಿದರು, ಅವನ ಪಕ್ಕದಲ್ಲಿ ಬಿದ್ದಿದ್ದ ಎರಡು ರೂಪಾಯಿಯ ಚೀಟಿಯನ್ನೂ ನೋಡಿದರು. ಬೀಗರ ಮುಂದೆ ಮುಖ ಸಣ್ಣದಾಯಿತು.

"ಅಂದಾನೆಪ್ಪ, ಏನಪಾ ಇದು?"

"ನಂಗೇನ ಗೊತ್ತ್ರಿ? ಚೀಟಿ ಹರಿಯಾಕಿ ಶೆಟ್ಟೆವ್ವ" ಎಂದು ಅಂದಾನೆಪ್ಪ ಕೈ ತೊಳೆದುಕೊಂಡ.

ಶೆಟ್ಟೆವ್ವ ಬಂದು ನಿಂತಳು. ಎದುರಿಗೆ ಮಾರ್ಥಾ, ಬಗಲಲ್ಲಿ ಕೂಸು. ಕೂಸು ಶೆಟ್ಟೆವ್ವನನ್ನು ಕಂಡು ಕೈ ಚಾಚಿತು.

ಸಾವಕಾರರೇನೂ ಗದರಿಸಲಿಲ್ಲ. "ಶೆಟ್ಟೆವ್ವ, ಇವರು ನಿನಗೇನ ಆಗಬೇಕವಾ?" ಎಂದು ಸಮಾಧಾನದಿಂದಲೇ ಕೇಳಿದರು.

ಮಗಳು ಎನ್ನಬೇಕಿತ್ತು. ಅದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಷ್ಟರಲ್ಲಿ ಬುಧವಾರ ಕಣ್ಣ ಮುಂದೆ ಬಂತು, ರಾತ್ರಿಯೆಲ್ಲ ಎದ್ದು ಕೂತು ಉಸಿರಿಗೆ ತಡಕಾಡುವ ಗಂಡ ಬಂದ. ಇನ್ನು ಹತ್ತು ವರ್ಷ ಹೀಗೇ ಇರುವ ತ್ರಾಣ ಅವಳಲ್ಲಿ ಇರಲಿಲ್ಲ.

"ಯಾರೂ ಅಲ್ರಿ" ಎಂದಳು. "ನನಗ ಗುರ್ತ ಇಲ್ಲ. ಕಣ್ಣ ಮಂಜಾಗ್ಯಾವ್ರಿ, ಮಾರಿ ನೋಡಲಾರದ ಹರದ ಕೊಟ್ಟೇನಿ."

ಮಾರ್ಥಾಳಿಗೆ ಅಷ್ಟು ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು. ಕಲಿಸಿದವಳೇ ಎದುರಿಗೆ ನಿಂತಿದ್ದಳು. ಮಾರ್ಥಾ ಕೂಸು ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. "ತಪ್ಪು ನಮ್ಮದ್ರಿ. ನಾವು ಹೇಳಬೇಕಿತ್ತು" ಎಂದು ಸಾವಕಾರರಿಗೆ ಹೇಳಿ, ಸಂತೆಗೆಂದು ಇಟ್ಟುಕೊಂಡಿದ್ದ ನೋಟುಗಳನ್ನು ತೆಗೆದು ಮೇಜಿನ ಮೇಲಿಟ್ಟು, ಗಂಡ ಮಕ್ಕಳನ್ನು ಕರೆದುಕೊಂಡು ಹೊರಟುಹೋದಳು.

ಬುಧವಾರ ಶೆಟ್ಟೆವ್ವ ಕಾಯಂ ಆದಳು. ಅಮೋಘಸಿದ್ದಪ್ಪ ಕೆಮ್ಮುತ್ತಲೇ ನಕ್ಕ, ಓಣಿಯವರಿಗೆ ಸಕ್ಕರೆ ಹಂಚಿಸಿದ. ಶೆಟ್ಟೆವ್ವನಿಗೆ ಆ ಸಕ್ಕರೆ ಬಾಯಿಗಿಡಲು ಆಗಲಿಲ್ಲ. ಮಾರ್ಥಾಳ ಮನೆಯ ದಾರಿ ಹಿಡಿದು ಎರಡು ಸಲ ಹೋದಳು, ಎರಡು ಸಲವೂ ಮೂಲೆಯಿಂದಲೇ ತಿರುಗಿ ಬಂದಳು. ಹೋಗಿ ಏನೆಂದು ಹೇಳುವುದು? ಅವಳಿಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಸಾಕುಸಾಕಾಗಿತ್ತು.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಆ ಸಂಸಾರ ಮತ್ತೆ ಬಂತು. ಹಿಂದೆ ಸವದತ್ತಿಯ ಶಾಲೆಯ ಮಕ್ಕಳ ಸಾಲು ನಿಂತು ಗದ್ದಲ ಮಾಡುತ್ತಿತ್ತು. ಮಾರ್ಥಾ ನೂರರ ನೋಟುಗಳನ್ನು ಮುಂದಿಟ್ಟಳು.

"ನಾಳೆ ನಮ್ಮ ದೇಶಕ್ಕ ಹೊಂಟೇವಿ" ಎಂದಳು. "ಹುಡುಗ ಒಮ್ಮೆ ನೋಡಬೇಕಂದ."

ಶೆಟ್ಟೆವ್ವ ಏನೋ ಹೇಳಲು ಹೋದಳು. ಕೊನೆಗೆ, "ನನ್ನ ನೌಕರಿ ಹೋಗತಿತ್ತವಾ" ಎಂದಳು.

"ಗೊತ್ತು" ಎಂದಳು ಮಾರ್ಥಾ. ಸಿಟ್ಟಿನಿಂದಲ್ಲ, ಅವಳೂ ದಣಿದಂತೆ ಕಂಡಳು. "ಮಗಳು ಅಂತ ಹೇಳಿದ್ದರೂ ನಾನು ರೊಕ್ಕ ಕೊಡತಿದ್ದೆ ಅವ್ವಾ. ನಿನ್ನ ನೌಕರಿ ಉಳೀತಿತ್ತು."

ಶೆಟ್ಟೆವ್ವ ಆ ಮಾತನ್ನು ಕೇಳಿದಳು. ಹೌದಲ್ಲ, ಅಷ್ಟೇ ಇತ್ತು, ಅದು ತನಗೆ ಹೊಳೆಯಲೇ ಇಲ್ಲ. ಹಿಂದಿನಿಂದ ಮಾಸ್ತರರು ಬೇಗ ಬೇಗ ಎನ್ನುತ್ತಿದ್ದರು. ಅವಳು ಪರದೇಶದವರ ಟಿಕೇಟಿನ ಕಟ್ಟು ತೆಗೆದು, ಬೇಕಾದಷ್ಟು ಹರಿದು, ತಲೆಯೆತ್ತದೆ ಮುಂದಕ್ಕೆ ಸರಿಸಿದಳು.